ಹೂ ಬರ್ಲಿ, ತಡೀರಿ

ಊರಿಗೊಬ್ಬ ಗಿಡದ ಮಾಸ್ತರು ಇದ್ದೇ ಇರುತ್ತಾರೆ. ಹೆಚ್ಚಿನವರು ಕೇಳದೆಯೇ ಹೆಸರು ಹೇಳುವವರು. ಯಾವ ಸೊಪ್ಪು ತೋರಿಸಿದರೂ ಅದು ಮಂಡಿನೋವಿಗೆ ರಾಮಬಾಣ. ಅವರನ್ನು ಹೇಗೋ ಸಂಭಾಳಿಸಬಹುದು. ಹಿರೇಕೊಟ್ನೆಕಲ್‌ನಲ್ಲಿ ನನ್ನ ಪಾಲಿಗೆ ಬಂದವರು ಬೇರೆಯೇ ತಳಿ. ಖಾತ್ರಿಯಾಗುವ ತನಕ ಇವರು ಹೆಸರು ಹೇಳುವುದಿಲ್ಲ. ಹೆಸರು ಹೇಳುವ ತನಕ ಕೀಳಲು ಬಿಡುವುದೂ ಇಲ್ಲ.

ನಿವೃತ್ತ ವಿಜ್ಞಾನ ಮಾಸ್ತರು. ಅಂಗಿ ಕಿಸೆಯಲ್ಲಿ ಭೂತಗನ್ನಡಿ, ಕಂಕುಳಲ್ಲಿ ಹಳೇ ಪೇಪರಿನ ಕಟ್ಟು, ಅದರ ಮಡಿಕೆಗಳಲ್ಲಿ ಒಣಗಿದ ಟೊಂಗೆಗಳು. ಮದುವೆಗೆ ಹೋದರೆ ಒಂದು ಕೈ ಅಕ್ಷತೆ ಹಾಕುತ್ತದೆ, ಇನ್ನೊಂದು ಮಂಟಪದ ಎಲೆ ಹಿಸುಕಿ ನೋಡುತ್ತದೆ. ಮಾನ್ವಿ ಬಸ್ ನಿಲ್ದಾಣದಲ್ಲಿ ಗೋಡೆಯ ಬಿರುಕಿನ ಗಿಡ ನೋಡುತ್ತ ನಿಂತು ಬಸ್ ತಪ್ಪಿಸಿಕೊಂಡವರು. ಯಾರಾದರೂ ಬಳ್ಳಾರಿ ಜಾಲಿ ಹಬ್ಬಿತೆಂದು ಬಳ್ಳಾರಿಯವರನ್ನು ಬೈದರೆ ಸುಮ್ಮನಿರುವುದಿಲ್ಲ. "ಬಳ್ಳಾರಿಯವ್ರು ಏನ್ ಮಾಡ್ಯಾರ್ರೀ? ಅದು ಅಮೆರಿಕಾ ಖಂಡದ್ದು!" ಅಷ್ಟಕ್ಕೇ ನಿಲ್ಲದೆ ನಮ್ಮ ಕೈಯಲ್ಲಿದ್ದ ಮಿರ್ಚಿ ಭಜಿ ಕಡೆ ಬೆರಳು ಮಾಡಿ, "ಇದೂ ಅಲ್ಲಿಂದನ ಬಂದದ್ದು, ಇದನ್ಯಾಕ ಕಿತ್ತು ಒಗೆಯಂಗಿಲ್ಲ?" ಎನ್ನುತ್ತಾರೆ. ಅಷ್ಟರಲ್ಲಿ ಭಜಿ ಆರಿರುತ್ತದೆ.

ಒಂದು ಮಳೆಗಾಲಕ್ಕೆ ಮುಂಚೆ ಹಿತ್ತಲಿನ ತಗ್ಗಿಗೆ ಮರಂ ಹಾಕಿಸಿದ್ದೆ. ಮೊದಲ ಮಳೆ ಬಿದ್ದದ್ದೇ ತಡ, ಕರಿಬೇವಿನ ಬುಡದಲ್ಲಿ ಹೊಸ ಸಸಿಗಳೆದ್ದವು. ಫೋನಿನ ಆ್ಯಪ್ ಕೇಳಿದರೆ ಶೇಂಗಾ ಅಂದಿತು. ಶೇಂಗಾ ಬೆಳೆಯುವ ಸೀಮೆಯವನಿಗೆ ಈ ಮಾತು! ತಗಚಿ ಇರಬೇಕೆಂದುಕೊಂಡೆವು, ಆದರೆ ಮುಟ್ಟಿದರೆ ಮೈತುಂಬ ನವಿರು. ಹೆಂಡತಿ ಕುರ್ಚಿಗಿ ತಂದಳು. ಅದೇ ಗಳಿಗೆಗೆ ಕಾಂಪೌಂಡಿನಾಚೆಯಿಂದ ದನಿ: "ಕೀಳಬ್ಯಾಡ್ರಿ! ಏನಂತ ಗೊತ್ತಾಗ್ಲಾರದ ಹೆಂಗ ಕೀಳ್ತೀರಿ? ಹೂ ಬರ್ಲಿ, ತಡೀರಿ."

ತಡೆದೆವು. ದಿನಾ ಬೆಳಿಗ್ಗೆ ಬರುವರು, ಕುಕ್ಕರಗಾಲಲ್ಲಿ ಕೂಡುವರು, ಚಹಾ ಕುಡಿದು ಹೋಗುವರು. ತಗಚಿಗೆ ಕೆಳಗಿನ ಎಲೆಜೋಡಿಗಳ ನಡುವೆ ಮಾತ್ರ ಪುಟ್ಟ ಗ್ರಂಥಿ. ಇದಕ್ಕೆ ಜೋಡಿ ಜೋಡಿಗೂ ನೆಟ್ಟಗೆ ನಿಂತ ಗ್ರಂಥಿ ಎಂದು ಭೂತಗನ್ನಡಿಯಲ್ಲಿ ತೋರಿಸಿದರು. ನನ್ನ ಹಿತ್ತಲಿನಲ್ಲಿ ನಾನೇ ಬಾಡಿಗೆದಾರನಂತೆ ನಿಂತು ನೋಡಿದೆ. ಹಳದಿ ಹೂ ಬಂತು, ಎಲೆಕಂಕುಳಲ್ಲಿ ಗುಂಪುಗುಂಪಾಗಿ. ಇನ್ನು ಮುಗಿಯಿತೆಂದು ಹೆಂಡತಿ ಮತ್ತೆ ಕುರ್ಚಿಗಿ ಎತ್ತಿದಳು. "ಕಾಯಿ ನೋಡಿಬಿಡೂಣ್ರಿ, ಸಂಶಯ ಬ್ಯಾಡ." ತಗಚಿಯದು ಗೇಣುದ್ದದ ತೆಳ್ಳನೆಯ ಬಾಗಿದ ಕಾಯಿ. ಇದರದು ಗಿಡ್ಡ, ನೆಟ್ಟಗೆ, ಬೀಜಬೀಜದ ನಡುವೆ ತಗ್ಗು. ಕಾಯಿ ಬಲಿತು ಕಂದಾದ ದಿನ ಮಾಸ್ತರು ಎದ್ದು ನಿಂತು ತೀರ್ಪು ಕೊಟ್ಟರು: ಸೆನ್ನಾ ಯುನಿಫ್ಲೋರಾ. ಇದೂ ಅಮೆರಿಕಾದ ಉಷ್ಣಸೀಮೆಯದು, ದನ ಮೂಸದ ಕಸ. ತಕ್ಷಣ ಕೀಳಬೇಕಂತೆ. ಆ ಹೊತ್ತಿಗೆ ಬೀಜ ಹಿತ್ತಲ ತುಂಬ ಉದುರಿತ್ತು.

ಸಿಟ್ಟು ಬರುವುದು ಅವರು ತಪ್ಪಿದರೆಂದಲ್ಲ, ಎಂದೂ ತಪ್ಪುವುದಿಲ್ಲವೆಂದು. ಈ ಗಿಡದ ಚರಿತ್ರೆಯನ್ನೂ ಹೇಳಿದರು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಕಾಂಗ್ರೆಸ್ ಕಸ ನಮ್ಮ ಕಡೆಯೆಲ್ಲ ಹಬ್ಬಿದಾಗ, ಅದನ್ನು ಮೇಯಲೆಂದು ಮೆಕ್ಸಿಕೊದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಇತ್ತ ಧಾರವಾಡದ ಕಡೆ ಈ ಯುನಿಫ್ಲೋರಾ ಕಾಂಗ್ರೆಸ್ಸನ್ನು ಹಿಮ್ಮೆಟ್ಟಿಸುತ್ತಿರುವುದು ಕಂಡಿತು. ರಸ್ತೆಬದಿಗೆ ಇದರ ಬೀಜ ಚೆಲ್ಲಿ ಬೆಳೆಸಿ ಎಂಬ ಸಲಹೆ ಬಂತು. ಒಂದು ಕಸ ಓಡಿಸಲು ಇನ್ನೊಂದು ಕಸ. ಈಗ ರಸ್ತೆಬದಿಯೂ ಅದರದೇ, ಅಲ್ಲಿಂದ ಬಂದ ಮರಮ್ಮೂ ಅದರದೇ. ನಾವು ಅವಸರಪಟ್ಟು ಕಿತ್ತಿದ್ದರೆ ಈ ಕಥೆ ನನಗೆ ಸಿಗುತ್ತಿರಲಿಲ್ಲ ಎಂಬುದೂ ನಿಜ. ಹೆಂಡತಿಗೆ ಮಾತ್ರ ಈ ಸಮಾಧಾನ ಹೇಳುವ ಧೈರ್ಯ ನನಗಿಲ್ಲ.

ಅವರ ಪೇಪರ್ ಕಟ್ಟನ್ನು ಒಮ್ಮೆ ಬಿಚ್ಚಿ ತೋರಿಸಿದ್ದರು. ಹಕ್ಕರಕಿ, ತುಂಬೆ, ಉತ್ತರಾಣಿ, ನೆಗ್ಗಿಲಮುಳ್ಳು. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಮಾನ್ವಿ ಸೀಮೆಯ ಎಷ್ಟೋ ಜೋಳದ ಹೊಲ ಭತ್ತದ ಗದ್ದೆಯಾದವು. ಬದುವಿಗೆ ಕಳೆನಾಶಕ ಬಂತು. ರೊಟ್ಟಿಗೆ ಹಸಿ ಹಕ್ಕರಕಿ ಕಿತ್ತು ತರುವುದೂ ಕಡಿಮೆಯಾಯಿತು. ಮಾಸ್ತರಿಗೆ ನೀರಾವರಿ ಮೇಲೆ ಸಿಟ್ಟಿಲ್ಲ, ಅವರ ಮನೆ ಅನ್ನವೂ ಅದೇ ಗದ್ದೆಯದು. ಆದರೆ ಶಾಲೆಯಲ್ಲಿ ಅವರ ಜಾಗಕ್ಕೆ ಬಂದವರು ಮಕ್ಕಳನ್ನು ಬದುವಿಗೆ ಕರೆದೊಯ್ಯುವುದಿಲ್ಲ, ಪಠ್ಯ ಮುಗಿಸಬೇಕಲ್ಲ. ಹಾಗಾಗಿ ಇವರು ನನ್ನ ಹಿತ್ತಲಿಗೆ ಬರುತ್ತಾರೆ. ಚಹಾಕ್ಕೆ ಸಕ್ಕರೆ ಕಡಿಮೆ ಎಂದು ದೂರುತ್ತಾರೆ.

ನಿಮ್ಮ ಹಿತ್ತಲಲ್ಲೂ ತಗಚಿಯಂಥದೇ ಗಿಡವೆದ್ದು, ಮೈಗೆ ನವಿರು, ಎಲೆಜೋಡಿಗೊಂದು ಗ್ರಂಥಿ, ಗುಂಪುಗೂಡಿದ ಚಿಕ್ಕ ಹಳದಿ ಹೂ ಕಂಡರೆ ಕಾಯಿ ಬಲಿಯುವ ತನಕ ಕಾಯಬೇಡಿ, ಬೇರುಸಹಿತ ಕಿತ್ತುಬಿಡಿ. ಹೂವಿರುವ ಒಂದು ಟೊಂಗೆಯನ್ನು ಮಾತ್ರ ಹಳೇ ಪೇಪರಿನಲ್ಲಿ ಮಡಚಿಡಿ. ನಿಮ್ಮೂರಿನ ಮಾಸ್ತರು ಬಂದು ಕೇಳಿಯೇ ಕೇಳುತ್ತಾರೆ.