ಮೋಟಾರು ಚೆನ್ನಾಗಿದೆ

ಅಮೆರಿಕಕ್ಕೆ ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬಂದು ಅಕ್ಟೋಬರ್‌ನಲ್ಲಿ ಹೊರಡುತ್ತಾರೆ. ನಮ್ಮ ಕಡೆ ಅಂಗಳದ ಹುಲ್ಲು ಬೆಳೆಯುವುದೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೇ. ಇವೆರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ ಎಂದೇ ನಾನು ತಿಳಿದಿದ್ದೆ, ನಮ್ಮ ಮಾವನವರು ಬಂದಿಳಿಯುವ ತನಕ.

ಮಾವನವರಂಥವರು ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಕೆಟ್ಟ ಮಿಕ್ಸಿಯನ್ನು ಎಕ್ಸ್‌ಚೇಂಜಿಗೆಂದು ಎತ್ತಿಕೊಂಡು ಹೊರಟರೆ ಹೊಸ್ತಿಲಲ್ಲಿ ಅಡ್ಡ ನಿಂತು, "ತಡೀರಿ, ಮೋಟ್ರು ಚೆನ್ನಾಗಿದೆ" ಅನ್ನುವವರು. ವಾಷಿಂಗ್ ಮಷೀನಿನದು, ಟೇಬಲ್ ಫ್ಯಾನಿನದು, ಹೊಲಿಗೆ ಯಂತ್ರದ್ದು ಎಂದು ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟು, ಚಾಕ್‌ಪೀಸಿನಲ್ಲಿ 'ಓಕೆ' ಎಂದು ಬರೆದವರು. ಯುಗಾದಿಗೆ ಅಟ್ಟ ಖಾಲಿ ಮಾಡೋಣವೆಂದು ಹೆಂಡತಿ ಗುಜರಿಯವನನ್ನು ಕರೆದರೆ, ಅವನ ಗಾಡಿಯಿಂದಲೇ ಇನ್ನೊಂದು ಮೋಟಾರನ್ನು ಚೌಕಾಸಿ ಮಾಡಿ ಒಳಗೆ ತಂದವರು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿಗೆ, ದೇವಸ್ಥಾನಕ್ಕೆ ಹೊರಟ ಹಾಗೆ, ಬೆಳಿಗ್ಗೆ ಸ್ನಾನ ಮುಗಿಸಿ ಹೊರಡುವವರು.

ನಮ್ಮವರಿಗಾದರೋ ಇದು ಚಟವಲ್ಲ, ವೃತ್ತಿಧರ್ಮ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಲ್ಲಿ ಮೋಟಾರು ವಿಭಾಗದಲ್ಲಿದ್ದವರು. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬೆಳೆದ ಆ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷಗಳಾದವು. ಮಾವನವರ ಶಿಫ್ಟ್ ಮಾತ್ರ ಇನ್ನೂ ಮುಗಿದಿಲ್ಲ.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. 1876ರಲ್ಲಿ ಥಾಮಸ್ ಆಲ್ವ ಎಡಿಸನ್ ಪ್ರಯೋಗಾಲಯ ಹೂಡಿದ ಮೆನ್ಲೋ ಪಾರ್ಕ್ ಇದೇ ಊರಲ್ಲಿದೆ. ಊರಿಗೆ ಆತನ ಹೆಸರಿಟ್ಟದ್ದು 1954ರಲ್ಲಿ. ಈಗ ಅಲ್ಲೊಂದು ಗೋಪುರವಿದೆ, ಶಿಖರದಲ್ಲಿ ಕಲಶದ ಬದಲು ಭಾರಿ ಬಲ್ಬು. ಬಂದ ಮೊದಲ ಭಾನುವಾರ ಮಾವನವರನ್ನು ಕರೆದುಕೊಂಡು ಹೋದೆ. ಕೈಮುಗಿಯುತ್ತಾರೇನೋ ಅಂದುಕೊಂಡರೆ, ಕತ್ತೆತ್ತಿ ನೋಡಿ, "ಎಷ್ಟು ವ್ಯಾಟಿನದು?" ಅಂದರು. ನನಗೆ ಗೊತ್ತಿರಲಿಲ್ಲ. ಅಳಿಯನ ಬಗ್ಗೆ ಇದ್ದ ಗೌರವ ಅಲ್ಲಿಗೆ ಅರ್ಧ ಇಳಿಯಿತು.

ಮಾರನೆಯ ವಾರ ಬೆಳಗಿನ ವಾಕಿಂಗಿಗೆ ಹೋದವರು ಒಂದು ಲಾನ್ ಮೋವರನ್ನು ತಳ್ಳಿಕೊಂಡು ಬಂದರು. ನಮ್ಮ ಬೀದಿಯಲ್ಲಿ ಬೇಡವಾದ ದೊಡ್ಡ ಸಾಮಾನುಗಳನ್ನು ರಸ್ತೆಯಂಚಿಗೆ ತಂದಿಡುವ ದಿನ ಅದು. ವೈರಿಲ್ಲದ, ಬ್ಯಾಟರಿಯಲ್ಲಿ ಓಡುವ ಮೋವರು. ಮೂರ್ನಾಲ್ಕು ವರ್ಷ ಓಡಿ ಬ್ಯಾಟರಿ ಕೈಕೊಟ್ಟರೆ ಮಾಲೀಕ ಅಂಗಡಿಗೆ ಹೋಗುತ್ತಾನೆ. ಹೊಸ ಬ್ಯಾಟರಿಯ ಬೆಲೆ ಕೇಳಿದ ಮೇಲೆ ಹೊಸ ಯಂತ್ರವನ್ನೇ ಮನೆಗೆ ತರುತ್ತಾನೆ. ಹಳೆಯದು ಬೀದಿಪಾಲು.

"ಅಪ್ಪಾ, ಬೇರೆಯವರ ಕಸ ಯಾಕಪ್ಪಾ ತಂದೆ? ನೋಡಿದವರು ಏನಂದುಕೊಳ್ಳಲ್ಲ?" ಎಂದು ನನ್ನ ಹೆಂಡತಿ ಕಿಟಕಿಯ ಪರದೆ ಎಳೆದಳು.

"ಕಸ ಅಲ್ಲಮ್ಮ. ಮೋಟ್ರು ಚೆನ್ನಾಗಿದೆ."

ಗರಾಜಿನಲ್ಲಿ ಪಂಚೆ ಮೇಲಕ್ಕೆ ಕಟ್ಟಿ ಕುಳಿತರು. ಮೊದಲು ಬ್ಯಾಟರಿ ಕಿತ್ತರು, ಸೇಫ್ಟಿ ಕೀ ತೆಗೆದು ಜೇಬಿಗೆ ಹಾಕಿಕೊಂಡರು. ಯಂತ್ರವನ್ನು ಬೋರಲು ಹಾಕಿದರೆ ತಳದಲ್ಲಿ ಬೆರಣಿಯಂತೆ ಒಣಗಿ ಹತ್ತಿಕೊಂಡ ಹುಲ್ಲು. ಬ್ಲೇಡಿಗೆ ಮರದ ತುಂಡು ಕೊಟ್ಟು ಬೋಲ್ಟು ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಮೋಟಾರನ್ನು ಎರಡೂ ಕೈಯಲ್ಲಿ ಎತ್ತಿದರು. ಹೆರಿಗೆ ಕೋಣೆಯ ನರ್ಸಮ್ಮನ ಮುಖದಲ್ಲಿ ಕಾಣುವ ಭಾವ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಶಾಫ್ಟನ್ನು ಬೆರಳಿನಿಂದ ತಿರುಗಿಸಿದರು. "ಬೇರಿಂಗು ಒಂದು ಚೂರೂ ಕೂಗ್ತಿಲ್ಲ."

ಅದರಿಂದ ಮೂರು ದಪ್ಪ ವೈರುಗಳು ಹೊರಬಂದಿದ್ದವು. "ಈಗ ತಿರುಗಿಸಿ ಅಳಿಯಂದ್ರೇ." ತಿರುಗಿಸಿದೆ, ಸಲೀಸಾಗಿ ತಿರುಗಿತು. ಮೂರೂ ವೈರುಗಳ ತುದಿಯನ್ನು ಸೇರಿಸಿ ಹೊಸೆದು, "ಈಗ?" ಅಂದರು. ಶಾಫ್ಟು ಪಾಕಕ್ಕೆ ಬಂದ ಬೆಲ್ಲದಲ್ಲಿ ಸೌಟು ಆಡಿಸಿದ ಹಾಗೆ ಬಿಗಿ. "ಕೈಯಲ್ಲಿ ತಿರುಗಿಸಿದರೆ ಇದೇ ಡೈನಮೋ. ಹುಟ್ಟಿದ ಕರೆಂಟು ಹೊರಗೆ ಹೋಗೋಕೆ ಬೇರೆ ದಾರಿಯಿಲ್ಲದೆ ನಿಮ್ಮ ಕೈಗೇ ಅಡ್ಡ ನಿಂತಿದೆ. ಅಂದರೆ ಅಯಸ್ಕಾಂತ ಸರಿ ಇದೆ, ವೈಂಡಿಂಗು ಸರಿ ಇದೆ. ಕಾರ್ಬನ್ ಬ್ರಶ್ಶು ಇಲ್ಲವೇ ಇಲ್ಲ. ಇನ್ನು ಇದು ಸಾಯೋದಾದರೂ ಯಾತರಿಂದ?" ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ಈ ಪ್ರಶ್ನೆಗೆ ಉತ್ತರಿಸದೆ ಕಾಫಿ ತರಲು ಒಳಗೆ ಹೋದೆ.

ಬ್ಯಾಟರಿಯ ಮೇಲೆ 40 ವೋಲ್ಟ್ ಎಂದು ದಪ್ಪಕ್ಷರದಲ್ಲಿತ್ತು. ಮಾವನವರು ಲೆಕ್ಕ ಹಾಕಿದರು: ಸಾಲಾಗಿ 10 ಸೆಲ್ಲು, ಒಂದಕ್ಕೆ 3.6, ಒಟ್ಟು 36. ಪೂರ್ತಿ ಚಾರ್ಜಾದಾಗ ಮಾತ್ರ 40 ದಾಟಿ ಆಮೇಲೆ ಇಳಿಯುತ್ತದೆ. "ನಲವತ್ತು ಅಂತ ಬರೆದು ಮೂವತ್ತಾರು ಕೊಡ್ತಾರೆ. ನಮ್ಮ ಹಾಲಿನವನನ್ನ ಸುಮ್ಮನೆ ಬೈತಿದ್ದೆ ನಾನು."

ಒಳಗಿನ ಕಂಟ್ರೋಲರ್ ಬೋರ್ಡು ಕಪ್ಪಗೆ ಸುಟ್ಟಿತ್ತು. ಬ್ಯಾಟರಿ ಕೊಡುವುದು ಡಿ.ಸಿ.; ಮೋಟಾರಿಗೆ ಬೇಕಾದ್ದು ಮೂರು ಫೇಸು. ಅದನ್ನು ಇದಕ್ಕೆ ಒಗ್ಗಿಸುವುದು ಈ ಬೋರ್ಡಿನ ಕೆಲಸ. ಮಾವನವರ ವ್ಯಾಖ್ಯಾನ ಹೀಗಿತ್ತು: "ಬ್ಯಾಟರಿ ಡಿ.ಸಿ. ಪರ ನಿಂತ ಎಡಿಸನ್ ಕಡೆಯದು. ಮೋಟ್ರು ಎ.ಸಿ. ಪರ ನಿಂತ ಟೆಸ್ಲಾ ಕಡೆಯದು. ಇಬ್ಬರ ಜಗಳ ಬಿಡಿಸೋಕೆ ನಡುವೆ ನಿಂತವನು ಈ ಬೋರ್ಡು. ಜಗಳ ಬಿಡಿಸೋಕೆ ಹೋದವನೇ ಮೊದಲು ಏಟು ತಿನ್ನೋದು." ಶಿವನಸಮುದ್ರದ ಎ.ಸಿ. ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತೆಂಬುದನ್ನೂ, ಆ ಜಗಳದಲ್ಲಿ ಮೈಸೂರಿನವರು ಯಾರ ಪರವಿದ್ದರೆಂಬುದನ್ನೂ ಎಡಿಸನ್ ಊರಿನ ಗರಾಜಿನಲ್ಲಿ ಕೂತು ಸಾರಿದರು.

ಪಕ್ಕದ ಮನೆಯ ಅಮೆರಿಕನ್ ಅಜ್ಜ ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದನಂತೆ. ಒಂದು ದಿನ ತನ್ನ ಕೆಟ್ಟ ಮೋವರನ್ನೂ ತಂದ. ಮಾವನವರ ಕಣ್ಣು ಅರಳಿತು. ಬಿಚ್ಚಿ ನೋಡಿದರೆ ಹಿಡಿಕೆಯ ಸ್ವಿಚ್ಚಿನಲ್ಲಿ ಒಂದು ವೈರು ಸಡಿಲ, ಅಷ್ಟೇ. ಹತ್ತು ನಿಮಿಷದಲ್ಲಿ ಯಂತ್ರ ಗುಂಯ್‌ಗುಟ್ಟಿತು. ಅಜ್ಜ ಕುಣಿದಾಡಿದ. ಮಾವನವರು ಸಂಜೆಯವರೆಗೆ ಯಾರೊಡನೆಯೂ ಮಾತಾಡಲಿಲ್ಲ. ಇಂಥವರ ಕಷ್ಟವೇ ಇದು. ಯಂತ್ರ ಪೂರ್ತಿ ಸಾಯಲೂಬಾರದು, ಪೂರ್ತಿ ಬದುಕಲೂಬಾರದು.

ಅಜ್ಜ ಉಪಕಾರಸ್ಮರಣೆಯುಳ್ಳವನು. ತಮ್ಮನ ಮನೆಯದು, ಚರ್ಚಿನ ಗೆಳೆಯರದು ಎಂದು ನಿಜವಾಗಿಯೂ ಕೆಟ್ಟವುಗಳನ್ನು ಹುಡುಕಿ ತಂದುಕೊಟ್ಟ. ಜುಲೈ ಹೊತ್ತಿಗೆ ಗರಾಜಿನಲ್ಲಿ ಏಳು ಮೋವರು, ಕಾರು ಬಿಸಿಲಿನಲ್ಲಿ. ನಮ್ಮ ಸ್ವಂತ ಮೋವರಿನ ಬ್ಯಾಟರಿಯನ್ನು ಮಾವನವರು 'ಪ್ರಯೋಗಕ್ಕೆ' ತೆಗೆದುಕೊಂಡಿದ್ದರು. ಏಳು ಮೋವರಿರುವ ಮನೆಯ ಮುಂದೆ ಹುಲ್ಲು ಮೊಣಕಾಲುದ್ದ ಬೆಳೆಯಿತು.

ಪ್ರಯೋಗವೆಂದರೆ ಕಾಯಿ ತುರಿಯುವ ಯಂತ್ರ. ಅತ್ತೆಗೆ ಫ್ರೋಜನ್ ತುರಿಯೆಂದರೆ ಆಗದು. ಊರಿನಿಂದ ಈಳಿಗೆಮಣೆಯನ್ನೇ ಸೀರೆಯಲ್ಲಿ ಸುತ್ತಿ ತಂದಿದ್ದರು. "ನಿನ್ನ ಮಂಡಿನೋವಿಗೆ ಪರಿಹಾರ" ಎಂದು ಮಾವನವರು ಎಲೆಕ್ಟ್ರಿಕ್ ಸೈಕಲ್ಲಿನ ಕಂಟ್ರೋಲರೊಂದನ್ನು ನನ್ನಿಂದ ತರಿಸಿದರು. ಮೂರು ವೈರುಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು. ಸರಿಯಾದ ಜೋಡಣೆ ಸಿಗುವವರೆಗೆ ಮೋಟಾರು ಚಳಿಜ್ವರ ಬಂದಂತೆ ನಡುಗಿತು, ಮುಲುಕಿತು. ಸಿಕ್ಕ ರಾತ್ರಿ ಹನ್ನೊಂದೂವರೆಗೆ ನಮ್ಮನ್ನೆಲ್ಲ ಎಬ್ಬಿಸಿ ತೋರಿಸಿದರು.

ಉದ್ಘಾಟನೆ ಶ್ರಾವಣ ಶುಕ್ರವಾರ. ಶಾಫ್ಟಿನ ತುದಿಗೆ ಹಲ್ಲಿನ ತುರಿಯುವ ಬಿಲ್ಲೆ, ಕಣ್ಣಿಗೆ ಮೊಮ್ಮಗನ ಈಜುವ ಕನ್ನಡಕ, ಎಡಗೈಯಲ್ಲಿ ತೆಂಗಿನ ಹೋಳು, ಬಲಗೈಯಲ್ಲಿ ಸೈಕಲ್ಲಿನ ಆಕ್ಸಿಲರೇಟರ್. ಮೆಲ್ಲಗೆ ತಿರುವಬೇಕಿತ್ತು. ಆದರೆ ಮೋವರಿನ ಮೋಟಾರು ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಲೆಕ್ಕದಲ್ಲಿ ಬೆಳೆದದ್ದು, ಅದಕ್ಕೆ ತೆಂಗಿನಕಾಯಿಗೂ ಹುಲ್ಲಿಗೂ ಭೇದ ತಿಳಿಯದು. ತುರಿ ಗರಾಜಿನ ಸೂರಿಗೆ, ಗೋಡೆಗೆ, ಬಾಗಿಲಲ್ಲಿ ನಿಂತಿದ್ದ ಅಜ್ಜನ ಟೋಪಿಗೆ ಹೋಯಿತು. ಮೊಮ್ಮಗ "ಸ್ನೋ!" ಎಂದು ಚಪ್ಪಾಳೆ ತಟ್ಟಿದ. ದೇವರ ದಯೆ, ಬೆರಳುಗಳು ಹತ್ತೂ ಇದ್ದವು.

ಆಮೇಲೆ ವೇಗ ಇಳಿಸಿದರು, ಸುತ್ತ ತಗಡಿನ ಮರೆ ಕಟ್ಟಿದರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ತುರಿಯಿತು. ಒಂದು ಹೋಳಿಗೆ ಅರ್ಧ ನಿಮಿಷವೂ ಬೇಡ. ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ ಈಳಿಗೆಮಣೆ ಎಳೆದುಕೊಂಡು ಕುಳಿತು, "ಅದನ್ನ ತೊಳೆಯೋಕೆ ಅರ್ಧ ಗಂಟೆ ಬೇಕು ಕಣ್ರೀ" ಅಂದರು. ನನ್ನ ಕಡೆ ತಿರುಗಿ, "ಇವರೂ ಅಷ್ಟೇ ಕಣಪ್ಪ. ಮೋಟ್ರು ಚೆನ್ನಾಗಿದೆ. ಕಂಟ್ರೋಲರು ನಾನು, ನಲವತ್ತು ವರ್ಷದಿಂದ."

ಅಕ್ಟೋಬರ್ ಬಂತು. ಸೂಟ್‌ಕೇಸಿಗೆ 23 ಕಿಲೋ ಮಿತಿ. ಅತ್ತೆಯ ಬಾದಾಮಿ, ಚಾಕೊಲೇಟು, ಶಾಂಪೂ ತೂಗಿದಾಗ ಸರಿಯಾಗಿದ್ದ ತೂಕ ಬೆಳಗಾಗುವಷ್ಟರಲ್ಲಿ ನಾಲ್ಕು ಕಿಲೋ ಹೆಚ್ಚಾಗಿತ್ತು. ಸ್ವೆಟರು ಬಿಡಿಸಿದರೆ ಒಳಗೆ ಮೋಟಾರು, ಮಫ್ಲರಿನಲ್ಲಿ ಇನ್ನೊಂದು. ಚಾಕೊಲೇಟು ಇಳಿಯಿತು, ಮೋಟಾರು ಉಳಿಯಿತು. ಬ್ಯಾಟರಿ ಒಯ್ಯುವಂತಿರಲಿಲ್ಲ: 36 ವೋಲ್ಟು, 5 ಆಂಪಿಯರ್-ಅವರ್, ಗುಣಿಸಿದರೆ 180 ವ್ಯಾಟ್-ಅವರ್; ಪ್ರಯಾಣಿಕರ ವಿಮಾನದಲ್ಲಿ 160ಕ್ಕಿಂತ ಮೇಲೆ ಬಿಡುವುದಿಲ್ಲ. "ಬರೀ ಇಪ್ಪತ್ತಕ್ಕೋಸ್ಕರ!" ಎಂದು ಏರ್‌ಪೋರ್ಟಿನವರೆಗೂ ನೊಂದುಕೊಂಡರು. ಎರಡು ಮೋಟಾರುಗಳು ಈಗ ಬೆಂಗಳೂರಿನ ಅಟ್ಟದ ಮೇಲಿವೆ, ಚಾಕ್‌ಪೀಸಿನಲ್ಲಿ 'ಓಕೆ' ಬರೆಸಿಕೊಂಡು.

ಉಳಿದ ಐದು ನಮ್ಮ ಗರಾಜಿನಲ್ಲಿವೆ. ಮುಟ್ಟಕೂಡದೆಂದು ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ತಪಾಸಣೆ ನಡೆಯುತ್ತದೆ. ಮಾವನವರು ಮುಂದಿನ ಏಪ್ರಿಲ್‌ಗೆ ಟಿಕೆಟ್ ತೆಗೆಸಿದ್ದಾರೆ. ಆದ್ದರಿಂದ ಎಡಿಸನ್ ಮತ್ತು ಸುತ್ತಮುತ್ತಲಿನ ಕನ್ನಡ ಬಾಂಧವರಲ್ಲಿ ವಿನಂತಿ: ನಿಮ್ಮ ಮನೆಯಲ್ಲಿ ಕೆಟ್ಟ ಮೋವರಿದ್ದರೆ ದಯವಿಟ್ಟು ಮಾರ್ಚ್ ಮುಗಿಯುವುದರೊಳಗೆ ವಿಲೇವಾರಿ ಮಾಡಿ. ಆಗದಿದ್ದರೆ, ಬೆಳಗಿನ ವಾಕಿಂಗಿನ ಹೊತ್ತು ಕಳೆಯುವವರೆಗಾದರೂ ಒಳಗಿಟ್ಟುಕೊಳ್ಳಿ.