ಅರ್ಧ ಆಟಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್

ಬೆಂಗಳೂರು ಎಫ್‌ಸಿ ಯಾವತ್ತಿನಿಂದ ದೊಡ್ಡದಾಯಿತು ಅಂತ ಬೆಂಗಳೂರಿನವರನ್ನು ಕೇಳಿದರೆ ಒಂದು ಉತ್ತರ ಸಿಕ್ಕೀತು. ನಮ್ಮಲ್ಲಿ ಕೇಳಿದರೆ ಮೂರು ಸಿಗುತ್ತವೆ: ಯಾದಗಿರಿಯದೊಂದು, ಶಹಾಪುರದ್ದೊಂದು, ಸುರಪುರದ್ದೊಂದು. ಒಂದೇ ಜಿಲ್ಲೆಯವರೆಂದ ಮಾತ್ರಕ್ಕೆ ಒಂದೇ ಮಾತು ಆಡಬೇಕೆಂದು ಸರಕಾರಿ ಆದೇಶವೇನೂ ಇಲ್ಲವಲ್ಲ. ಕಲಬುರಗಿಯಿಂದ ಬೇರೆಯಾಗಿ ನಾವು ಜಿಲ್ಲೆಯಾದದ್ದು 2010ರಲ್ಲಿ, ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ವಯಸ್ಸಿನಲ್ಲಿ ನಾವೇ ಹಿರಿಯರು. ಕೋಚ್‌ಗಳಿಗೆ ಇಲ್ಲಿಂದಲೇ ಬುದ್ಧಿ ಹೇಳುವ ಹಕ್ಕು ನಮಗೆ ಬಂದದ್ದು ಹಾಗೆ.

ನಮ್ಮ ಕಡೆ ಆಟ ಅಂದರೆ ಕ್ರಿಕೆಟ್ಟು, ಕಬಡ್ಡಿ, ಬಹಳವಾದರೆ ವಾಲಿಬಾಲು. ಫುಟ್‌ಬಾಲ್ ಬಂದದ್ದು ನನ್ನ ಅಕ್ಕನ ಮಗನ ಮೂಲಕ. ರಾಶಿ ಮುಗಿದ ಮೇಲೆ ಓಣಿಗೆ ಓಣಿಯೇ ಗುಳೆ ಎದ್ದು ಬೆಂಗಳೂರಿಗೆ ಹೋಗುವ ಸೀಮೆ ಇದು. ಅವನೂ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಒಂದು ರವಿವಾರ ಕಂಠೀರವ ಕ್ರೀಡಾಂಗಣದ ಮುಂದೆ ನೀಲಿ ಅಂಗಿಯ ಜನ ಡೋಲು ಬಡಿಯುವುದನ್ನು ಕಂಡು, ಯಾವುದೋ ಜಾತ್ರೆ ಇರಬೇಕು, ಪ್ರಸಾದವಾದರೂ ಸಿಕ್ಕೀತು ಎಂದು ಒಳಗೆ ಹೊಕ್ಕ. ಅಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಗುಂಪು ಕೂರುವ ಮಾತೇ ಇಲ್ಲದೆ ಹಾಡುತ್ತ ನಿಂತಿತ್ತು. "ಮಾಮಾ, ರೊಕ್ಕ ಕೊಟ್ಟು ಕುರ್ಚಿ ತೊಗೊಂತಾರ, ಆಮ್ಯಾಲೆ ನಿಂತೇ ನೋಡ್ತಾರ" ಎಂದು ಅವತ್ತು ರಾತ್ರಿ ಫೋನು ಮಾಡಿದ. ಯಾರು ಗೆದ್ದರು ಎಂಬುದನ್ನು ಹೇಳಲಿಲ್ಲ. ಅದು ಅವನಿಗೆ ಅಷ್ಟು ದೊಡ್ಡ ಸುದ್ದಿ ಅನ್ನಿಸಿರಲಿಲ್ಲ.

ಆಮೇಲೆ ಹುಚ್ಚು ಹತ್ತಿತು. ಆದರೆ ಊರಿಗೆ ಬರಲು ಉದ್ಯಾನ್ ಎಕ್ಸ್‌ಪ್ರೆಸ್ ಬೇಕು. ಅದು ಬೆಂಗಳೂರು ಬಿಡುವುದು ರಾತ್ರಿ, ಸರಿಯಾಗಿ ಎರಡನೇ ಅರ್ಧ ಕಾವೇರುವ ಹೊತ್ತಿಗೆ. ಹೀಗಾಗಿ ಊರಿಗೆ ಹೊರಡುವ ದಿನ ಆಟವಿದ್ದರೆ ಅವನ ಪಾಲಿಗೆ ಫುಟ್‌ಬಾಲ್ ನಲವತ್ತೈದು ನಿಮಿಷದ ಆಟ.

2015ರ ಮೇ 31 ಅಂಥದೊಂದು ದಿನ. ಐ-ಲೀಗಿನ ಕೊನೆಯ ಪಂದ್ಯ, ಮಳೆ, ಎದುರಿಗೆ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್. ಗೆದ್ದರೆ ಪ್ರಶಸ್ತಿ ನಮ್ಮದು, ಡ್ರಾ ಆದರೂ ಅವರದು. ವಿರಾಮಕ್ಕೆ ಮುಂಚೆಯೇ ಜಾನ್ ಜಾನ್ಸನ್ ತಲೆಯಿಂದ ಗೋಲು ಹೊಡೆದ. ಅದನ್ನು ಕಣ್ತುಂಬ ನೋಡಿಕೊಂಡು ನಮ್ಮ ಹುಡುಗ ಒದ್ದೆ ಅಂಗಿಯಲ್ಲೇ ಸ್ಟೇಷನ್ನಿಗೆ ಓಡಿದ. ಫೋನಿನ ಚಾರ್ಜು ಅಲ್ಲಿಗೇ ಮುಗಿದಿತ್ತು. ಜನರಲ್ ಬೋಗಿಯ ಬಾಗಿಲ ಬಳಿ, ಯಾರದೋ ಜೋಳದ ಚೀಲದ ಮೇಲೆ, ರಾತ್ರಿಯಿಡೀ ಭಾರತದ ಚಾಂಪಿಯನ್ನಾಗಿ ಕೂತು ಬಂದ. ಗುಂತಕಲ್ಲಿನಲ್ಲಿ ಪಕ್ಕದವರಿಗೆಲ್ಲ ಚಹಾ ಕುಡಿಸಿದನಂತೆ. ಬೆಳಿಗ್ಗೆ ಯಾದಗಿರಿ ಪ್ಲಾಟ್‌ಫಾರ್ಮಿನಲ್ಲಿ ನಿಂತು, 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ಅದೇ ತಲೆಯ ವಿದ್ಯೆ ತೋರಿಸಿ 1-1 ಮಾಡಿದನೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಸುಳ್ಳು ಹೇಳಬ್ಯಾಡ್ರಿ ಮಾಮಾ, ನಾ ಕಣ್ಣಾರೆ ನೋಡೀನಿ" ಎಂದ.

ಸುರಪುರದ ಮಾಸ್ತರರ ಪ್ರಕಾರ ಕ್ಲಬ್ಬಿನ ಖರೇ ತಿರುವು ಇದೇ. ಅವರು ಯಾದಗಿರಿಯಲ್ಲಿ ಇತಿಹಾಸ ಕಲಿಸುತ್ತಾರೆ, ಬಿಡುವಿನಲ್ಲೂ ಕಲಿಸುತ್ತಾರೆ. ಅವರ ಊರಿನ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ಎದುರು ನಿಂತ. ಸಂಸ್ಥಾನ ಹೋಯಿತು, ಹೆಸರು ಉಳಿಯಿತು. ಅವತ್ತಿನಿಂದ ಸುರಪುರದವರಿಗೆ ಗೆಲುವಿನ ಬಗ್ಗೆ ಒಂದು ಸಣ್ಣ ಅನುಮಾನ. "ಸೋತಿದ್ದಕ್ಕೇ ಮರುವರ್ಷ 2016ರಾಗ ಲೀಗ್ ಗೆದ್ರು ನೋಡ್ರಿ" ಎಂದು ಮಾಸ್ತರರು ಸಾಬೀತು ಮಾಡುತ್ತಾರೆ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಐಎಸ್‌ಎಲ್ ಫೈನಲ್ಲನ್ನು ಚೆನ್ನೈಯಿನ್‌ಗೆ 2-3ರಿಂದ ಸೋತಾಗಲೂ ಅವರ ಮುಖ ಅರಳಿತ್ತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ 117ನೇ ನಿಮಿಷಕ್ಕೆ ರಾಹುಲ್ ಭೆಕೆ ಗೋಲು ಹೊಡೆದು ಕಪ್ಪು ಬಂತು. ಅವತ್ತು ಮಾಸ್ತರರನ್ನು ಹಿಡಿಯುವವರೇ ಇರಲಿಲ್ಲ. ಅವರ ಲೆಕ್ಕದಲ್ಲಿ ಕ್ಲಬ್ಬು ಇನ್ನೆರಡು ಫೈನಲ್ ಸೋತಿದ್ದರೆ ಏಷ್ಯಾವನ್ನೇ ಗೆಲ್ಲುತ್ತಿತ್ತು.

ಶಹಾಪುರದ ಕಾಕಾನಿಗೆ ಈ ಸೋಲಿನ ವೇದಾಂತ ಸೇರುವುದಿಲ್ಲ. ಅವನದು ಹತ್ತಿ-ತೊಗರಿ ಅಡತಿ ಅಂಗಡಿ. ಲಾಭ ಎಲ್ಲಿ, ತೋರಿಸು ಅನ್ನುವವನು. ಅವನ ತಿರುವು 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್. ಅವರ ಊರಲ್ಲಿ 1-1 ಆಗಿತ್ತು. ಇಲ್ಲಿ ಮೊದಲ ಗೋಲೂ ಅವರದೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಸ್ಪೇನಿನ ಹುವಾನಾನ್ ಒಂದು, 3-1. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ಲಿಗೆ ಹೋದದ್ದು ಅದೇ ಮೊದಲು. "ಹೊರಗಿನ ವ್ಯಾಪಾರಿ ನಮ್ಮ ಪ್ಯಾಟಿಗೆ ಬಂದು ನಮ್ಮ ಧಾರಣಿ ಕೇಳಿದ ದಿವಸ ಅದು" ಎನ್ನುತ್ತಾನೆ ಕಾಕಾ. ದೋಹಾದ ಫೈನಲ್ಲಿನಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ 0-1ರಿಂದ ಸೋತದ್ದನ್ನು ಅವನು ಹಮಾಲಿ ಖರ್ಚಿನಲ್ಲಿ ಬರೆದುಕೊಂಡಿದ್ದಾನೆ. "ಅವ್ರ ಹತ್ರ ವಿಮಾನ ಅದಾವ. ಒಂದೇ ಗೋಲಿಗೆ ಬಿಟ್ರಲ್ಲ, ಅದೇ ದೊಡ್ಡದು."

ಇನ್ನು ಯಾದಗಿರಿಯ ಉತ್ತರ, ಅಂದರೆ ನನ್ನದು: 2014ರ ಏಪ್ರಿಲ್ 21. ಆಶ್ಲಿ ವೆಸ್ಟ್‌ವುಡ್ ಕೋಚು, ಕ್ಲಬ್ಬಿಗೆ ಇನ್ನೂ ವರ್ಷ ತುಂಬಿಲ್ಲ. ಗೋವೆಯ ಫತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಹೊಡೆದು ಮೊದಲ ಪ್ರಯತ್ನದಲ್ಲೇ ಐ-ಲೀಗ್ ಎತ್ತಿಕೊಂಡು ಬಂತು. ನನ್ನ ಮನೆಯಲ್ಲಿ ಇರುವವರೆಲ್ಲ ಆರ್‌ಸಿಬಿಯವರು. 'ಈ ಸಲ ಕಪ್ ನಮ್ದೇ' ಎಂದು ಅವರು 18ನೇ ಐಪಿಎಲ್‌ವರೆಗೆ ಕಾದರು. ಆ ಕಾಯುವಿಕೆಯ ವರ್ಷಗಳಲ್ಲಿ ಊಟಕ್ಕೆ ಕೂತಾಗಲೆಲ್ಲ ಈ ತಾರೀಖನ್ನು ಉಪ್ಪಿನಕಾಯಿಯ ಜೊತೆಗೆ ಬಡಿಸುವ ಸುಖವಿತ್ತಲ್ಲ, ಅದಕ್ಕೆ ಬೇರೆ ಯಾವ ಟ್ರೋಫಿಯೂ ಸಮನಲ್ಲ. 2025ರ ಜೂನಿನಲ್ಲಿ ಅದೂ ಹೋಯಿತು.

ಒಮ್ಮೆ ನಾನೇ ರಾಜಿಗೆ ಹೊರಟೆ. ಶಹಾಪುರದ ಹತ್ತಿರ ಬೆಟ್ಟದ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ: ಹಣೆ, ಮೂಗು, ಗದ್ದ, ಎದೆ. ಗಾಡಿ ಸ್ವಲ್ಪ ಮುಂದೆ ಹೋಯಿತೋ, ಮೂಗು ಒಂದು ಕಡೆ, ಗದ್ದ ಇನ್ನೊಂದು ಕಡೆ, ಉಳಿದದ್ದು ಬಂಡೆ. ತಿರುವೂ ಹಾಗೇ, ನಿಂತ ಜಾಗದಿಂದ ಕಾಣುವಂಥದ್ದು ಎಂದೆ. ಮಾತು ಚೆನ್ನಾಗಿ ಬಂತೆಂದು ಒಳಗೊಳಗೇ ಖುಷಿಪಡುತ್ತಿದ್ದಾಗ ಕಾಕಾ, "ಅಂದ್ರ ಬುದ್ಧ ಶಹಾಪುರದಾಗೇ ಅದಾನ ಅಂತ ಒಪ್ಪಿದಿ. ತಿರುವೂ ನಮ್ದೇ ಆತಲ್ಲ" ಎಂದ.

ಈ ಪಂಚಾಯ್ತಿ ನಡೆಯುವುದು ಸ್ಟೇಷನ್ ಕಡೆಯ ಒಂದು ಮಿರ್ಚಿ ಭಜಿ ಅಂಗಡಿಯಲ್ಲಿ. ಅಂಗಡಿಯವನು ಯಾವ ಪಕ್ಷಕ್ಕೂ ಸೇರಿದವನಲ್ಲ. ಟಿವಿಯ ಮೂಲೆಯಲ್ಲಿ ಓಡುವ ಗಡಿಯಾರವನ್ನು ಅವನಷ್ಟು ಭಕ್ತಿಯಿಂದ ನೋಡುವವರನ್ನು ನಾನು ಕಂಡಿಲ್ಲ. ನಾಕೌಟ್ ಆಟದಲ್ಲಿ ತೊಂಬತ್ತು ನಿಮಿಷಕ್ಕೆ ಸಮ ಆದರೆ ಇನ್ನು ಮೂವತ್ತು ನಿಮಿಷ, ಅಂದರೆ ಇನ್ನೊಂದು ಬಾಣಲೆ. 85 ದಾಟಿ ಸಮ ಇದ್ದರೆ ಹುಡುಗನಿಗೆ ಕಣ್ಸನ್ನೆ. ಹಿಟ್ಟು ಕಲಸು ಅಂತ.

2023ರ ಮಾರ್ಚ್ 3ರ ಸಿಟ್ಟು ಅವನಿಗೆ ಇನ್ನೂ ಇಳಿದಿಲ್ಲ. ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್, ತೊಂಬತ್ತಕ್ಕೆ 0-0. ಕಡಲೆ ಹಿಟ್ಟು ಕಲಸಿ ಮೆಣಸಿನಕಾಯಿ ಸೀಳಿಟ್ಟಾಗಿದೆ. 96ನೇ ನಿಮಿಷಕ್ಕೆ, ಅವರಿನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಛೆಟ್ರಿ ಫ್ರೀಕಿಕ್ ಒಳಗೆ ತೂರಿಸಿದ. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತನ್ನ ತಂಡವನ್ನೇ ಕರೆದುಕೊಂಡು ಹೊರನಡೆದರು; ಪಂದ್ಯ ನಮ್ಮದಾಯಿತು. "ಕಣ ಬಿಟ್ಟು ಹೋಗೋದು ಸೋಲಲ್ಲ, ಬರೀ ರಾಜೀನಾಮೆ" ಎಂದು ಮಾಸ್ತರರು ಬೇಸರಪಟ್ಟರು. ಕಾಕಾ, "ತಕ್ಕಡಿಗೆ ಮಾಲು ಹಾಕಿದ ಮ್ಯಾಲೆ ಆ ಕಡಿ ಈ ಕಡಿ ನೋಡಬಾರ್ದು" ಎಂದ. ಅಂಗಡಿಯವನು ಮಾತ್ರ ಹಿಟ್ಟಿನ ಬೋಗುಣಿ ತಂದು ನಮ್ಮ ಮುಂದಿಟ್ಟು, "ಇದನ್ನ ಕೇರಳಕ್ಕ ಕಳಿಸ್ಲೇನ್ರಿ?" ಎಂದ.

ಮರುದಿನ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ಮೇಲೆ. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರೇ ಮೈಸೂರು. ಅದನ್ನು ನಾವ್ಯಾರೂ ನೋಡಲಿಲ್ಲ. ಫ್ರೀಕಿಕ್ಕಿನ ಜಗಳ ಇನ್ನೂ ಮುಗಿದಿರಲಿಲ್ಲ.

2025ರ ಏಪ್ರಿಲ್ 12, ಶನಿವಾರ. ಕೋಲ್ಕತ್ತಾದಲ್ಲಿ ಐಎಸ್‌ಎಲ್ ಫೈನಲ್, ಮತ್ತೆ ಅದೇ ಮೋಹನ್ ಬಾಗಾನ್. ಅಳಿಯನಿಗೂ ಅವತ್ತು ರೈಲಿನ ಹಂಗಿಲ್ಲ, ನಮ್ಮ ಜೊತೆಗೇ ಕೂತಿದ್ದ. 1-0 ಮುಂದಿದ್ದೆವು. ಅವರ ಪೆನಾಲ್ಟಿಯಿಂದ 1-1. ತೊಂಬತ್ತು ಮುಗಿಯಿತು, ಎಣ್ಣೆ ಚುರ್ರೆಂದಿತು. ಹೆಚ್ಚುವರಿ ಆಟ ಶುರುವಾಗಿ ಆರನೇ ನಿಮಿಷಕ್ಕೇ ಅವರ ಮ್ಯಾಕ್ಲಾರನ್ ಗೋಲು ಹೊಡೆದು 2-1 ಮಾಡಿದ. ಅಷ್ಟೇ, ಅಲ್ಲಿಂದ ಮುಂದೆ ಏನೂ ಆಗಲಿಲ್ಲ. ಮಾಸ್ತರರು ನಿಧಾನಕ್ಕೆ ಎದ್ದು ಕನ್ನಡಕ ಒರೆಸಿಕೊಂಡು, ಕಣ್ಣಲ್ಲಿ ಹೊಳಪು ತಂದುಕೊಂಡು, "ಈಗ ನೋಡ್ರಿ, ಖರೇ ತಿರುವು ಅಂದ್ರ..." ಎಂದು ಶುರುಮಾಡಿದರು.

"ಸರ, ತಿರುವು ಆಮ್ಯಾಲೆ" ಎಂದ ಅಂಗಡಿಯವನು, ಜಾಲರಿ ಸೌಟು ಹಿಡಿದುಕೊಂಡೇ ಬಂದು. "ಎರಡನೇ ಬಾಣಲಿದು ರೊಕ್ಕ ಯಾರು ಕೊಡ್ತೀರಿ?"

ಕಾಕಾ ಮಾಸ್ತರರ ಕಡೆ ಬೆರಳು ತೋರಿಸಿದ. "ಅವ್ರೇ ಕೊಡ್ಲಿ. ಸೋತಿದ್ದಕ್ಕ ಖುಷಿಯಾಗಿದ್ದು ಅವ್ರೊಬ್ರಿಗೇ."