ದೊಡ್ಡದ ಕೊಡ್ಲೋ, ಸಣ್ಣದೋ?

ಝಳಕಿ ಕ್ರಾಸಿನಲ್ಲಿ ಸೋಲಾಪುರದ ಬಸ್ಸಿಗೆ ಕಾಯುತ್ತ ಔಷಧಿ ಅಂಗಡಿಯೊಂದರ ನೆರಳಿಗೆ ನಿಂತಿದ್ದೆ. ಲಿಂಬಿ ತೋಟದಿಂದ ಬಂದ ಹುಡುಗನೊಬ್ಬ ಅಂಗೈ ಚಾಚಿದ. ಮಣ್ಣು, ಬೆವರು, ನಡುವೆ ಒಣಗಿದ ರಕ್ತದ ಚುಕ್ಕೆ.

"ಅಣ್ಣಾ, ಮುಳ್ಳ ಹೊಕ್ಕೈತಿ. ಒಂದ್ ಟ್ಯೂಬ್ ಕೊಡ್ರಿ."

"ದೊಡ್ಡದ ಕೊಡ್ಲೋ, ಸಣ್ಣದೋ?"

ತಪಾಸಣೆ ಮುಗಿಯಿತು. ಮುಳ್ಳು ಒಳಗೇ ಮುರಿದಿದೆಯೇ? ಕೇಳಲಿಲ್ಲ. ಕೈ ತೊಳೆದೆಯಾ? ಕೇಳಲಿಲ್ಲ. ಹುಡುಗ ಮಣ್ಣಿನ ಮೇಲೇ ಆ್ಯಂಟಿಬಯೋಟಿಕ್ ಮುಲಾಮು ಸವರಿಕೊಂಡು ಹೋದ. ಅಂಗಡಿಯ ಮುಂದೆ ನೀರಿನ ಹರವಿ ತುಂಬಿತ್ತು.

ಅಂಗಡಿಯವರನ್ನು ಜನ ಡಾಕ್ಟರ್ ಎಂದೇ ಕರೆಯುತ್ತಾರೆ. ಕರೆಯಲಿ. ಓದಿದ ಡಾಕ್ಟರ ಪಾಡೇನು ಕಡಿಮೆಯೇ? ಏನೂ ಬರೆಯದೆ "ಸಬಕಾರ ಹಚ್ಚಿ ತೊಳಿ" ಎಂದವರ ಬಾಗಿಲಿಗೆ ಮರುದಿನ ಯಾರೂ ಬರುವುದಿಲ್ಲ.

ಇಂಡಿ ಲಿಂಬಿಯ ಹೆಸರು ಊರೂರಿಗೆ ಗೊತ್ತು. ಅದರ ಮುಳ್ಳಿನ ಗುಣ ಮಾತ್ರ ದಿನಾ ಚುಚ್ಚಿಸಿಕೊಳ್ಳುವ ನಮಗೇ ಗೊತ್ತಿಲ್ಲ. ಮುಳ್ಳು ಆಳಕ್ಕೆ ಇಳಿಯುತ್ತದೆ. ಮುಲಾಮು ತೊಗಲ ಮೇಲೇ ಕೂರುತ್ತದೆ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ, ಬೆಳೆಯುವುದು ಗಾಳಿಯಾಡದ ಆಳದಲ್ಲಿ. ಅದನ್ನು ತಡೆಯುವುದು ಟಿಡಿ ಸೂಜಿ. ಟ್ಯೂಬ್ ಅಲ್ಲ, ದೊಡ್ಡದೂ ಅಲ್ಲ.

ಟ್ಯೂಬ್ ಮುಗಿದಿದ್ದರೆ ಪೌಡರ್ ಇದೆಯಲ್ಲ! ಅದರಲ್ಲಿ ಮೂರು ಆ್ಯಂಟಿಬಯೋಟಿಕ್: ನಿಯೋಮೈಸಿನ್, ಬ್ಯಾಸಿಟ್ರಾಸಿನ್, ಪಾಲಿಮಿಕ್ಸಿನ್ ಬಿ. ಈ ಪಾಲಿಮಿಕ್ಸಿನ್ ಸಾಮಾನ್ಯ ಗಿರಾಕಿಯಲ್ಲ. ಬೇರೆ ಔಷಧಗಳು ಕೈಚೆಲ್ಲಿದಾಗ ದೊಡ್ಡಾಸ್ಪತ್ರೆಯ ಐಸಿಯುಗಳಲ್ಲಿ ನರಕ್ಕೆ ಏರಿಸುವಂಥದ್ದು. ಅದರ ಒಡಹುಟ್ಟಿದವನು ಕೊಲಿಸ್ಟಿನ್. ಅವನನ್ನು ಕೋಳಿ, ದನಗಳ ಮೇವಿಗೆ ಬೆರೆಸಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಮನುಷ್ಯರಿಗೆ ಕಡೆಗಾಲಕ್ಕೆ ಉಳಿಯಲಿ ಎಂದು. ಕೋಳಿಗೆ ಕಾನೂನು ಬಂತು. ನಾವು ಆ ಮನೆಯವನನ್ನೇ ಮಗುವಿನ ತರಚಿದ ಮೊಣಕಾಲಿಗೆ ಉಪ್ಪಿನಂತೆ ಉದುರಿಸುತ್ತಿದ್ದೇವೆ.

ಇದೇ ನಾವು ಜ್ವರದ ಗುಳಿಗೆ ಕೊಟ್ಟರೆ "ಹೀಟ್ ಆಗ್ತೈತ್ರಿ" ಎಂದು ಅರ್ಧ ಮುರಿದು ನುಂಗುವವರು.

ಇಷ್ಟೆಲ್ಲ ಹಚ್ಚಿ ಲಾಭವಾದರೂ ಇದೆಯೇ? 1996ರಲ್ಲಿ ಅಮೆರಿಕದ ವೈದ್ಯರು ಸಣ್ಣ ಚರ್ಮ ಶಸ್ತ್ರಚಿಕಿತ್ಸೆಯಾದ 900ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೆಲವರ ಗಾಯಕ್ಕೆ ಬ್ಯಾಸಿಟ್ರಾಸಿನ್, ಉಳಿದವರಿಗೆ ಬರೀ ಬಿಳಿ ವ್ಯಾಸಲೀನ್. ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲರ್ಜಿಯಾದ ನಾಲ್ವರೂ ಬ್ಯಾಸಿಟ್ರಾಸಿನ್ ಹಚ್ಚಿಕೊಂಡವರು.

ಅವು ಶುಭ್ರವಾಗಿ ಕೊಯ್ದ ಗಾಯ, ನಮ್ಮವು ಹೊಲದ ಗಾಯ ಎನ್ನುತ್ತೀರಾ? ಒಪ್ಪಿದೆ. ಹಾಗಾದರೆ ಮೊದಲು ತೊಳೆಯಿರಿ!

ನಿಯೋಮೈಸಿನ್‌ಗಂತೂ ಅಲ್ಲಿನ ಚರ್ಮತಜ್ಞರ ಸಂಘ 2010ರಲ್ಲಿ 'ವರ್ಷದ ಅಲರ್ಜಿಕಾರಕ' ಎಂಬ ಬಿರುದನ್ನೇ ಕೊಟ್ಟಿತು. ಇಲ್ಲಿ ಹಚ್ಚಿದ ಜಾಗ ಕೆಂಪಾಗಿ ತುರಿಸತೊಡಗಿದರೆ ಏನು ಮಾಡುತ್ತಾರೆ? "ನಂಜಾಗೈತಿ" ಎಂದು ಇನ್ನಷ್ಟು ಹಚ್ಚುತ್ತಾರೆ. ಹೊಸ ಟ್ಯೂಬ್ ಬರುತ್ತದೆ. ಈ ಸಲ ದೊಡ್ಡದು.

ಆ್ಯಂಟಿಬಯೋಟಿಕ್‌ಗಳನ್ನು ಹೀಗೆ ಬೇಕಾಬಿಟ್ಟಿ ಬಳಸಬೇಡಿ ಎನ್ನಲು ಪ್ರತಿ ನವೆಂಬರ್ 18ರಿಂದ 24ರವರೆಗೆ ಒಂದು ಜಾಗೃತಿ ಸಪ್ತಾಹವೂ ಇದೆ. ಬ್ಯಾನರ್, ಭಾಷಣ, ಚಹಾ, ಚುರುಮುರಿ. ಆ ಬ್ಯಾನರ್ ಕಟ್ಟುವಾಗ ತಂತಿ ತಾಗಿ ಬೆರಳು ತರಚಿದವನು ಎಲ್ಲಿಗೆ ಓಡುತ್ತಾನೆಂದು ಬೇರೆ ಹೇಳಬೇಕೆ?

ಕೀವು ತುಂಬಿದರೆ, ಬಾವು ಏರಿದರೆ, ಜ್ವರ ಬಂದರೆ ವೈದ್ಯರಿದ್ದಾರೆ. ಯಾವ ಮದ್ದು ಬೇಕೆಂದು ಅವರು ಹೇಳಲಿ. ಉಳಿದ ತರಚು ಗಾಯಕ್ಕೆ ನೀರು, ಸಬಕಾರ, ಮೇಲೊಂದು ಶುಭ್ರ ಬಟ್ಟೆ. ಇಷ್ಟು ಅಗ್ಗವಾದದ್ದರ ಮೇಲೆ ನಮಗೆ ನಂಬಿಕೆ ಹುಟ್ಟುವುದಿಲ್ಲ.

ನಿಮ್ಮ ಮನೆಯ ಟ್ಯೂಬ್ ಎಲ್ಲಿದೆ ಎಂದರೆ ಥಟ್ಟನೆ ಹೇಳುತ್ತೀರಿ: ದೇವರ ಮಾಡದಲ್ಲಿ, ಊದುಬತ್ತಿಯ ಪಕ್ಕ. ಕಡೆಯ ಸಲ ಟಿಡಿ ಸೂಜಿ ಮಾಡಿಸಿಕೊಂಡದ್ದು ಯಾವ ವರ್ಷ? ಯೋಚಿಸುತ್ತಿದ್ದೀರಿ.